ಸ್ವೀಡನ್ನಿನ ಹಳ್ಳಿ ಹುಡುಗಿ ಬಹಾಯಿ ಆಗಿದ್ದು ಹೇಗೆ?

ಮಗಳ ಮದುವೆ ಶಿಕಾಗೋ ಕಡೆಯ ಹುಡುಗನ ಜೊತೆ ಗೊತ್ತಾದಾಗಿನಿಂದ ಊರಿಂದ ಬರುವ ಫೋನುಗಳಲ್ಲಿ ಒಂದೇ ವಿಚಾರಣೆ. ಬೀಗರು ಯಾವ ಜನ? ಸ್ವೀಡನ್ ಮೂಲದವರು ಅಂದರೆ ಎಲ್ಲರಿಗೂ ಸಮಾಧಾನ. ಬಹಾಯಿಗಳು ಅಂದ ಕೂಡಲೇ ಪ್ರಶ್ನೆಗಳು ಶುರು. "ಅಂದ್ರೆ ಮುಸ್ಲಿಮರಾ?" "ಕ್ರಿಶ್ಚಿಯನ್ನರಲ್ಲೇ ಒಂದು ಪಂಗಡ ಅಲ್ವಾ?" "ದೆಹಲಿಯಲ್ಲಿ ಕಮಲದ ಆಕಾರದ ಗುಡಿ ಇದೆಯಲ್ಲ, ಅವರಾ?"

ಕೊನೆಯ ಪ್ರಶ್ನೆ ಕೇಳಿದವರು ಸರಿಯಾದ ದಾರಿಯಲ್ಲಿದ್ದಾರೆ. ಉಳಿದವರಿಗೆ ಫೋನಿನಲ್ಲಿ ಎರಡು ಮಾತಿನಲ್ಲಿ ಹೇಳಿ ಮುಗಿಸುವ ವಿಷಯ ಇದಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಆ ಮನೆಯಲ್ಲಿ ಮೊದಲು ಬಹಾಯಿ ಆದವರು ನಮ್ಮ ಅಳಿಯನಾಗುವ ಹುಡುಗನ ಅಜ್ಜಿಯ ಅಜ್ಜಿ. 1893ರಲ್ಲಿ ಸ್ವೀಡನ್ನಿನಿಂದ ಒಬ್ಬಳೇ ಹಡಗು ಹತ್ತಿ ಬಂದ ಹುಡುಗಿ. ಮನೆಯವರೆಲ್ಲ ಅವರನ್ನು ಈಗಲೂ ಮೊರ್ಮೊರ್ ಅನ್ನುತ್ತಾರೆ. ಸ್ವೀಡನ್ನಿನಲ್ಲಿ ತಾಯಿಯ ತಾಯಿಯನ್ನು ಕರೆಯುವುದು ಹಾಗೆ. ಅವರನ್ನು ಕಣ್ಣಾರೆ ಕಂಡವರು ಈಗ ಉಳಿದಿರುವುದು ಒಬ್ಬರೇ, ತೊಂಬತ್ತರ ಹತ್ತಿರ ಇರುವ ಹುಡುಗನ ಅಜ್ಜಿ. ಅವರು ನೆನಪು ಮಾಡಿಕೊಂಡು ಹೇಳಿದ್ದು, ಅವರ ಪೆಟ್ಟಿಗೆಯಲ್ಲಿ ಉಳಿದಿರುವುದು, ಇತಿಹಾಸದಲ್ಲಿ ದಾಖಲಾಗಿರುವುದು, ಈ ಮೂರನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಒಂದು ವಿಷಯ ಚೆನ್ನಾಗಿ ತಿಳಿಯುತ್ತದೆ. ಲೂಥರನ್ ಎಂಬ ಕ್ರೈಸ್ತ ಪಂಗಡದ ಹಳ್ಳಿ ಹುಡುಗಿ ಇರಾನಿನಲ್ಲಿ ಹುಟ್ಟಿದ ಧರ್ಮಕ್ಕೆ ಬಂದಿದ್ದು ಒಂದೇ ನೆಗೆತಕ್ಕಲ್ಲ. ಆ ದಾರಿಯಲ್ಲಿ ಮೆಟ್ಟಿಲುಗಳಿದ್ದವು.

ಮೊದಲು, ಬಹಾಯಿ ಅಂದರೆ ಏನು

ಕಥೆ ಶುರುವಾಗುವುದು 1844ರಲ್ಲಿ, ಇರಾನಿನ ಶಿರಾಜ್ ಊರಲ್ಲಿ. ಅಲ್ಲಿನ ಒಬ್ಬ ಯುವ ವ್ಯಾಪಾರಿ, ದೇವರು ಕಳಿಸುವ ಒಬ್ಬ ಮಹಾಪುರುಷ ಬರುವ ಕಾಲ ಹತ್ತಿರವಾಯಿತು, ಅವನಿಗೆ ದಾರಿ ಮಾಡಲು ಬಂದವನು ನಾನು ಅಂತ ಸಾರಿದರು. ಅವರನ್ನು 'ಬಾಬ್' ಅಂತ ಕರೆಯುತ್ತಾರೆ, ಅಂದರೆ ಬಾಗಿಲು. ಸಾವಿರಾರು ಜನ ಅವರ ಹಿಂದೆ ಬಂದರು. ಮೊದಲು ನಂಬಿದ ಹದಿನೆಂಟು ಜನರಲ್ಲಿ ಹಿಂದೂಸ್ತಾನದ ಒಬ್ಬರೂ ಇದ್ದರು. ಆಗಿನ ಸರ್ಕಾರ ಮತ್ತು ಧರ್ಮಗುರುಗಳು ಇದನ್ನು ಸಹಿಸಲಿಲ್ಲ. 1850ರಲ್ಲಿ ತಬ್ರೀಜ್ ಊರಲ್ಲಿ ಬಾಬ್ ಅವರನ್ನು ಗುಂಡಿಟ್ಟು ಕೊಂದರು. ಆಗ ಅವರಿಗೆ ಮೂವತ್ತು ವರ್ಷ.

ಬಾಬ್ ಹೇಳಿದ್ದ ಆ ಮಹಾಪುರುಷ ನಾನೇ ಅಂತ 1863ರಲ್ಲಿ ಬಾಗ್ದಾದಿನಲ್ಲಿ ಹೇಳಿದವರು ಬಹಾವುಲ್ಲಾ. ಟೆಹರಾನಿನ ಶ್ರೀಮಂತ ಮನೆತನದವರು. ಅಷ್ಟರಲ್ಲಾಗಲೇ ಜೈಲು ನೋಡಿ, ಆಸ್ತಿ ಕಳೆದುಕೊಂಡು, ದೇಶದಿಂದ ಗಡಿಪಾರಾಗಿದ್ದರು. ಅಲ್ಲಿಂದ ಇಸ್ತಾಂಬುಲ್, ಆಮೇಲೆ ಎದಿರ್ನೆ, ಕೊನೆಗೆ 1868ರಲ್ಲಿ ಈಗಿನ ಇಸ್ರೇಲಿನಲ್ಲಿರುವ ಅಕ್ಕಾ ಎಂಬ ಕೋಟೆಯೂರಿಗೆ ಅವರನ್ನು ಕಳಿಸಿದರು. 1892ರಲ್ಲಿ ಅದೇ ಊರಿನ ಹತ್ತಿರ ತೀರಿಕೊಂಡರು. ಅವರನ್ನು ನಂಬುವವರೇ ಬಹಾಯಿಗಳು.

ಹಾಗಾದರೆ ಇದು ಇಸ್ಲಾಮಿನ ಒಂದು ಪಂಗಡವಾ? ಅಲ್ಲ. ಹುಟ್ಟಿದ್ದು ಶಿಯಾ ಮುಸ್ಲಿಮರ ನಡುವೆ ನಿಜ. ಆದರೆ ಇದಕ್ಕೆ ತನ್ನದೇ ಗ್ರಂಥಗಳಿವೆ, ತನ್ನದೇ ಪಂಚಾಂಗ ಇದೆ, ತನ್ನದೇ ಕಟ್ಟಳೆಗಳಿವೆ. ಇರಾನಿನಲ್ಲಿ ಬಹಾಯಿಗಳು ಇವತ್ತಿಗೂ ಕಷ್ಟಪಡುತ್ತಿರುವುದು ಇದೇ ಕಾರಣಕ್ಕೆ. ಅಲ್ಲಿನ ಸರ್ಕಾರ ಅದನ್ನು ಧರ್ಮ ಅಂತಲೇ ಒಪ್ಪುವುದಿಲ್ಲ, ಅವರ ಮಕ್ಕಳಿಗೆ ವಿಶ್ವವಿದ್ಯಾಲಯದ ಬಾಗಿಲು ಮುಚ್ಚಿದೆ.

ನಂಬಿಕೆಯ ತಿರುಳು ಏನು ಅಂದರೆ, ದೇವರು ಒಬ್ಬನೇ, ಎಲ್ಲ ದೊಡ್ಡ ಧರ್ಮಗಳೂ ಅವನಿಂದಲೇ ಬಂದಿದ್ದು, ಕಾಲಕಾಲಕ್ಕೆ ಒಬ್ಬೊಬ್ಬರು ಬಂದು ಆಯಾ ಕಾಲಕ್ಕೆ ಬೇಕಾದಷ್ಟು ಹೇಳಿ ಹೋಗುತ್ತಾರೆ. ಶಾಲೆಯಲ್ಲಿ ಒಂದನೇ ಕ್ಲಾಸಿನ ಮೇಷ್ಟ್ರು ಅಕ್ಷರ ಕಲಿಸುತ್ತಾರೆ, ಏಳನೇ ಕ್ಲಾಸಿನ ಮೇಷ್ಟ್ರು ಬೀಜಗಣಿತ ಕಲಿಸುತ್ತಾರೆ. ಹಾಗಂತ ಒಂದನೇ ಕ್ಲಾಸಿನವರು ಹೇಳಿಕೊಟ್ಟಿದ್ದು ಸುಳ್ಳಾಗುವುದಿಲ್ಲ, ಅವರಿಗೆ ಬೀಜಗಣಿತ ಬರುತ್ತಿರಲಿಲ್ಲ ಅಂತಲೂ ಅಲ್ಲ. ಕೃಷ್ಣ, ಬುದ್ಧ, ಮೋಸೆಸ್, ಯೇಸು, ಮುಹಮ್ಮದ್ ಎಲ್ಲರನ್ನೂ ಬಹಾಯಿಗಳು ನೋಡುವುದು ಹೀಗೆ. ಬಾಬ್ ಮತ್ತು ಬಹಾವುಲ್ಲಾ ಇಬ್ಬರೂ ಈ ಸಾಲಿನಲ್ಲಿ ನಮ್ಮ ಕಾಲಕ್ಕೆ ಬಂದವರು ಅನ್ನುವುದು ಅವರ ನಂಬಿಕೆ.

ದಿನದ ಬದುಕಿನಲ್ಲಿ ಕಾಣುವುದು ಬೇರೆ ಕೆಲವು ಸಂಗತಿ. ಪೂಜಾರಿ, ಪಾದ್ರಿ, ಮೌಲ್ವಿ ಅಂತ ಯಾರೂ ಇಲ್ಲ. ಊರಿನ ವ್ಯವಹಾರ ನೋಡಿಕೊಳ್ಳಲು ಪ್ರತಿ ವರ್ಷ ಏಪ್ರಿಲಿನಲ್ಲಿ ಒಂಬತ್ತು ಜನರನ್ನು ಗುಪ್ತ ಮತದಿಂದ ಆರಿಸುತ್ತಾರೆ. ಯಾರೂ ಅಭ್ಯರ್ಥಿಯಾಗಿ ನಿಲ್ಲುವಂತಿಲ್ಲ, ಪ್ರಚಾರ ಮಾಡುವಂತಿಲ್ಲ. ಹೆಣ್ಣು ಗಂಡು ಸಮಾನ ಅನ್ನುವುದು ಗ್ರಂಥದಲ್ಲೇ ಇರುವ ಮಾತು. ಹೆಂಡ ಮುಟ್ಟುವುದಿಲ್ಲ. ವರ್ಷಕ್ಕೆ ಹತ್ತೊಂಬತ್ತು ತಿಂಗಳು, ತಿಂಗಳಿಗೆ ಹತ್ತೊಂಬತ್ತು ದಿನ, ಜೊತೆಗೆ ನಾಲ್ಕೋ ಐದೋ ಹೆಚ್ಚುವರಿ ದಿನ. ಪ್ರತಿ ತಿಂಗಳ ಶುರುವಿಗೆ ಎಲ್ಲರೂ ಸೇರಿ ಪ್ರಾರ್ಥನೆ, ಮಾತುಕತೆ, ತಿಂಡಿ. ಮಾರ್ಚಿನಲ್ಲಿ ಹತ್ತೊಂಬತ್ತು ದಿನ ಸೂರ್ಯ ಹುಟ್ಟಿದಾಗಿನಿಂದ ಮುಳುಗುವವರೆಗೆ ಉಪವಾಸ. ಅದು ಮುಗಿದ ಮೇಲೆ ಹೊಸ ವರ್ಷ, ಸುಮಾರು ನಮ್ಮ ಯುಗಾದಿಯ ಆಸುಪಾಸಿನಲ್ಲೇ.

ಕಲ್ಲು ತುಂಬಿದ ನೆಲ

ಈಗ ಸ್ವೀಡನ್ನಿಗೆ ಹೋಗೋಣ. ಇವತ್ತು ನಮಗೆ ಸ್ವೀಡನ್ ಅಂದರೆ ಶ್ರೀಮಂತ ದೇಶ. ಆಗ ಹಾಗಿರಲಿಲ್ಲ. ಮೊರ್ಮೊರ್ ಹುಟ್ಟಿದ್ದು ದಕ್ಷಿಣದ ಸ್ಮೋಲಂಡ್ ಸೀಮೆಯಲ್ಲಿ. ಅಲ್ಲಿನ ಹೊಲ ಉಳಬೇಕಾದರೆ ಮೊದಲು ಕಲ್ಲು ಆರಿಸಿ ಹಾಕಬೇಕು. ಹಾಗೆ ಆರಿಸಿದ ಕಲ್ಲುಗಳಿಂದ ಕಟ್ಟಿದ ಗೋಡೆಗಳು ಈಗಲೂ ಅಲ್ಲಿನ ಹೊಲಗಳ ಸುತ್ತ ಮೈಲುಗಟ್ಟಲೆ ಇವೆ. 1800ರ ನಂತರ ಸ್ವೀಡನ್ನಿನಲ್ಲಿ ಯುದ್ಧ ನಿಂತಿತು, ಸಿಡುಬಿಗೆ ಲಸಿಕೆ ಬಂತು, ಆಲೂಗಡ್ಡೆ ಬೆಳೆ ಹಬ್ಬಿತು. ಜನ ಬದುಕಿ ಉಳಿದರು, ಸಂಖ್ಯೆ ಹೆಚ್ಚಿತು. ನೆಲ ಮಾತ್ರ ಅಷ್ಟೇ. ಅಣ್ಣ ತಮ್ಮಂದಿರಲ್ಲಿ ಪಾಲಾಗಿ ಪಾಲಾಗಿ ಕೊನೆಗೆ ಒಬ್ಬೊಬ್ಬರ ಕೈಗೆ ಬಂದಿದ್ದು ಹೊಟ್ಟೆಗೆ ಸಾಲದಷ್ಟು. ಅದರ ಮೇಲೆ 1867ರಿಂದ 1869ರವರೆಗೆ ಬರ.

ಆ ಕಡೆ ಅಮೆರಿಕ 1862ರ ಕಾನೂನಿನಲ್ಲಿ 160 ಎಕರೆ ಜಮೀನನ್ನು ಉತ್ತು ಬದುಕುವವನಿಗೆ ಹೆಚ್ಚುಕಡಿಮೆ ಪುಕ್ಕಟೆ ಕೊಡುತ್ತೇನೆ ಅನ್ನುತ್ತಿತ್ತು. ಮೊದಲು ಹೋದವರು ಊರಿಗೆ ಕಾಗದ ಬರೆದರು, ಟಿಕೆಟ್ಟನ್ನೂ ಕಳಿಸಿದರು. 1930ರ ಹೊತ್ತಿಗೆ ಸುಮಾರು 13 ಲಕ್ಷ ಜನ ಸ್ವೀಡನ್ ಬಿಟ್ಟಿದ್ದರು. 1900ರಲ್ಲಿ ಆ ದೇಶದ ಒಟ್ಟು ಜನಸಂಖ್ಯೆಯೇ 51 ಲಕ್ಷ. ಅಂದರೆ ನೆಂಟರಲ್ಲಿ ಒಬ್ಬರಾದರೂ ಅಮೆರಿಕಕ್ಕೆ ಹೋಗದ ಮನೆ ಅಪರೂಪ.

ನಮ್ಮ ಕಥೆಗೆ ಬೇಕಾದ ಮೊದಲ ಮೆಟ್ಟಿಲು ಈ ಬಡತನವಲ್ಲ, ಓದು. ಆಗ ಸ್ವೀಡನ್ನಿನಲ್ಲಿ ಲೂಥರನ್ ಚರ್ಚ್ ಸರ್ಕಾರದ್ದೇ ಒಂದು ಭಾಗವಾಗಿತ್ತು. 1686ರ ಕಾನೂನಿನ ಪ್ರಕಾರ ಪಾದ್ರಿ ಊರೂರಿಗೆ ಬಂದು, ಕೂಲಿಯವರು, ಆಳುಮಕ್ಕಳು, ಹೆಂಗಸರು ಅನ್ನದೆ ಪ್ರತಿಯೊಬ್ಬರಿಗೂ ಓದಲು ಬರುತ್ತದಾ, ಧರ್ಮದ ಪಾಠ ಗೊತ್ತಾ ಅಂತ ಪರೀಕ್ಷೆ ಮಾಡಿ ದೊಡ್ಡ ಪುಸ್ತಕದಲ್ಲಿ ಬರೆದುಕೊಳ್ಳಬೇಕಿತ್ತು. ಹೀಗಾಗಿ ಶಾಲೆಗಳು ಹಬ್ಬುವ ಮೊದಲೇ ಹಳ್ಳಿಯ ಹೆಣ್ಣುಮಕ್ಕಳಿಗೂ ಓದು ಬರುತ್ತಿತ್ತು.

ಓದು ಬಂದರೆ ಜನ ಸುಮ್ಮನಿರುತ್ತಾರಾ? ಪಾದ್ರಿ ಇಲ್ಲದೆ ಮನೆಯಲ್ಲೇ ಕೂತು ಬೈಬಲ್ ಓದಿ ಚರ್ಚೆ ಮಾಡುವ ಗುಂಪುಗಳು ಹುಟ್ಟಿಕೊಂಡವು. ಜನ ಅವರನ್ನು 'ಓದುವವರು' ಅಂತಲೇ ಕರೆದರು. ಹಾಗೆ ಮನೆಯಲ್ಲಿ ಸೇರುವುದು 1858ರವರೆಗೂ ಅಪರಾಧ. ದಂಡ ಹಾಕುತ್ತಿದ್ದರು, ಜೈಲಿಗೂ ಕಳಿಸುತ್ತಿದ್ದರು. ಯಾವ ಧರ್ಮದ ಸಂಸ್ಥೆಗೂ ಸೇರದೆ ಇರುವ ಪೂರ್ತಿ ಸ್ವಾತಂತ್ರ್ಯ ಅಲ್ಲಿನ ಜನರಿಗೆ ಸಿಕ್ಕಿದ್ದು 1951ರಲ್ಲಿ. ನಂಬಲು ಕಷ್ಟ, ಆದರೆ ನಿಜ.

ಮೊರ್ಮೊರ್ ಅವರ ತಂದೆ ಇಂಥ ಓದುವವರ ಗುಂಪಿನವರು ಅಂತ ಮನೆಯ ನೆನಪು. ಪೆಟ್ಟಿಗೆಯಲ್ಲಿ ಒಂದು ಕೀರ್ತನೆ ಪುಸ್ತಕ ಇದೆ. ಅಂಗೈ ಅಗಲದ್ದು, ಕಪ್ಪು ಚರ್ಮದ ರಟ್ಟು, ಒಳಪುಟದಲ್ಲಿ ಅವರ ಹೆಸರು. ಬಲಗಡೆ ಕೆಳಮೂಲೆಯಲ್ಲಿ ಪುಟಗಳೆಲ್ಲ ಹೆಬ್ಬೆರಳು ತಾಗಿ ತಾಗಿ ಕಂದಿವೆ. ಪಾದ್ರಿ ಹೇಳಿದ್ದನ್ನು ಕೇಳಿ ಸುಮ್ಮನಾಗದೆ ತಾನೇ ಓದಿ ನೋಡುವ ರೂಢಿ ಹಡಗು ಹತ್ತುವ ಮೊದಲೇ ಆ ಮನೆಯಲ್ಲಿತ್ತು. ಮುಂದಿನದಕ್ಕೆಲ್ಲ ಇದೇ ಬುನಾದಿ ಅಂತ ನನಗೆ ಅನ್ನಿಸುತ್ತದೆ.

ಆಗಿನ ದಾರಿ ಹೀಗಿತ್ತು. ಗೋಥೆನ್‌ಬರ್ಗ್ ಬಂದರಿನಿಂದ ಇಂಗ್ಲೆಂಡಿನ ಹಲ್, ಅಲ್ಲಿಂದ ರೈಲಿನಲ್ಲಿ ಲಿವರ್‌ಪೂಲ್, ಅಲ್ಲಿಂದ ದೊಡ್ಡ ಹಡಗಿನಲ್ಲಿ ನ್ಯೂಯಾರ್ಕ್. ಅಲ್ಲಿ ಹಿಂದಿನ ವರ್ಷ ತಾನೇ ತೆರೆದಿದ್ದ ಎಲ್ಲಿಸ್ ದ್ವೀಪದಲ್ಲಿ ತಪಾಸಣೆ. ಆಮೇಲೆ ಮತ್ತೆ ರೈಲು, ಶಿಕಾಗೋಗೆ.

ಶಿಕಾಗೋದ ಅಡುಗೆಮನೆಗಳು

ಆಗ ಸ್ಟಾಕ್‌ಹೋಮ್ ಬಿಟ್ಟರೆ ಜಗತ್ತಿನಲ್ಲಿ ಅತಿ ಹೆಚ್ಚು ಸ್ವೀಡಿಷ್ ಜನ ಇದ್ದ ಊರು ಶಿಕಾಗೋ ಅನ್ನುತ್ತಿದ್ದರು. ಸ್ವೀಡಿಷ್ ಪತ್ರಿಕೆಗಳು, ಅಂಗಡಿಗಳು, ಚರ್ಚುಗಳು ಎಲ್ಲ ಅಲ್ಲೇ ಇದ್ದವು. ಒಂಟಿಯಾಗಿ ಬಂದ ಹೆಣ್ಣುಮಕ್ಕಳಲ್ಲಿ ಹೆಚ್ಚಿನವರು ಮಾಡುತ್ತಿದ್ದುದು ಒಂದೇ ಕೆಲಸ, ಶ್ರೀಮಂತರ ಮನೆಯಲ್ಲಿ ಮನೆಗೆಲಸ. ಇರಲು ಜಾಗ, ಊಟ, ಸಂಬಳ ಮೂರೂ ಸಿಗುತ್ತಿದ್ದವು. ಊರಲ್ಲಿ ಇದೇ ಕೆಲಸಕ್ಕೆ ಸಿಗುತ್ತಿದ್ದ ಸಂಬಳಕ್ಕೂ ಇದಕ್ಕೂ ಹೋಲಿಕೆಯೇ ಇರಲಿಲ್ಲ. ವಾರದಲ್ಲಿ ಗುರುವಾರ ಮಧ್ಯಾಹ್ನದ ಮೇಲೆ ರಜೆ. ಮೊರ್ಮೊರ್ ಮಾಡಿದ್ದೂ ಇದೇ. ಆರು ಜನ ಮಕ್ಕಳಿದ್ದ ಮನೆಯಲ್ಲಿ ಅಡುಗೆಯವರ ಕೈಕೆಳಗೆ ಶುರುಮಾಡಿ, ಆಮೇಲೆ ಅಡುಗೆಯ ಪೂರ್ತಿ ಜವಾಬ್ದಾರಿ ತೆಗೆದುಕೊಂಡರು.

ಅವರು ಬಂದ ವರ್ಷವೇ ಶಿಕಾಗೋದಲ್ಲಿ ದೊಡ್ಡ ಜಾಗತಿಕ ಮೇಳ ನಡೆಯುತ್ತಿತ್ತು. ಅದರ ಜೊತೆಗೇ ಸರ್ವಧರ್ಮ ಸಮ್ಮೇಳನ. ವಿವೇಕಾನಂದರು ಸೆಪ್ಟೆಂಬರ್ 11ರಂದು ಮಾತಾಡಿದ್ದು ನಮಗೆಲ್ಲ ಗೊತ್ತು. ಅದೇ ಸಮ್ಮೇಳನದಲ್ಲಿ ಹನ್ನೆರಡು ದಿನ ಬಿಟ್ಟು, ಸೆಪ್ಟೆಂಬರ್ 23ರಂದು, ಸಿರಿಯಾದಲ್ಲಿ ಕೆಲಸ ಮಾಡುತ್ತಿದ್ದ ಹೆನ್ರಿ ಜೆಸಪ್ ಎಂಬ ಕ್ರೈಸ್ತ ಪಾದ್ರಿಯ ಪ್ರಬಂಧವನ್ನು ಇನ್ನೊಬ್ಬರು ಓದಿದರು. ಅದರ ಕೊನೆಯಲ್ಲಿ, ಹಿಂದಿನ ವರ್ಷ ಅಕ್ಕಾದಲ್ಲಿ ತೀರಿಕೊಂಡ ಒಬ್ಬ ಪರ್ಷಿಯನ್ ಸಂತನ ಮಾತುಗಳಿದ್ದವು. ಎಲ್ಲ ಜನಾಂಗಗಳೂ ಒಂದಾಗಬೇಕು, ಮನುಷ್ಯರೆಲ್ಲ ಅಣ್ಣತಮ್ಮಂದಿರಂತೆ ಇರಬೇಕು ಅನ್ನುವ ಅರ್ಥದ ಮಾತು. ಅಮೆರಿಕದಲ್ಲಿ ಬಹಾವುಲ್ಲಾ ಅವರ ಹೆಸರು ದೊಡ್ಡ ಸಭೆಯೊಂದರಲ್ಲಿ ಕೇಳಿದ್ದು ಆಗಲೇ.

ಮರುವರ್ಷ, 1894ರಲ್ಲಿ, ಇಬ್ರಾಹಿಂ ಖೈರುಲ್ಲಾ ಎಂಬುವರು ಶಿಕಾಗೋಗೆ ಬಂದು ಪಾಠ ಹೇಳಲು ಶುರುಮಾಡಿದರು. ಈಗಿನ ಲೆಬನಾನಿನಲ್ಲಿ ಕ್ರಿಶ್ಚಿಯನ್ನರಾಗಿ ಹುಟ್ಟಿ ಬಹಾಯಿ ಆಗಿದ್ದವರು. ಒಂದಾದ ಮೇಲೆ ಒಂದು ಅಂತ ಹತ್ತು ಹನ್ನೆರಡು ಪಾಠ, ಎಲ್ಲ ಪೂರ್ತಿ ಕೇಳಿದವರಿಗೆ ಮಾತ್ರ ಕೊನೆಯಲ್ಲಿ ಮುಖ್ಯ ವಿಷಯ ತಿಳಿಸುತ್ತಿದ್ದರು. ಅವರ ಪಾಠದಲ್ಲಿ ಬೈಬಲ್ಲಿನ ಭವಿಷ್ಯವಾಣಿಗಳೇ ಜಾಸ್ತಿ. ಯೇಸು ಮತ್ತೆ ಬರುತ್ತಾನೆ ಅಂತ ಕಾಯುತ್ತಿದ್ದೀರಲ್ಲ, ಆ ಮಾತು ಈಡೇರಿದೆ, ಲೆಕ್ಕ ಹಾಕಿ ತೋರಿಸುತ್ತೇನೆ ಬನ್ನಿ ಅನ್ನುವ ಧಾಟಿ. ಅಮೆರಿಕದಲ್ಲೇ ವಿಲಿಯಂ ಮಿಲ್ಲರ್ ಎಂಬುವರ ಹಿಂಬಾಲಕರು 1844ರಲ್ಲಿ ಯೇಸು ಬರುತ್ತಾನೆ ಅಂತ ಕಾದು ನಿರಾಶರಾಗಿದ್ದರು. ಬಾಬ್ ಸಾರಿದ್ದು ಅದೇ 1844ರಲ್ಲಿ. ಬೈಬಲ್ಲನ್ನು ಬಾಯಿಪಾಠ ಮಾಡಿಕೊಂಡು ಬೆಳೆದ ಹುಡುಗಿಗೆ ಈ ಮಾತು ಎಷ್ಟು ಹತ್ತಿರದ್ದು ಅನ್ನಿಸಿರಬೇಕು! ಪರದೇಶದ ಹೊಸ ದೇವರ ಸುದ್ದಿ ಅಂತ ಅವಳು ಕೇಳಿರಲಾರಳು. ತನ್ನದೇ ಪುಸ್ತಕದ ಮುಂದಿನ ಅಧ್ಯಾಯ ಅಂತ ಕೇಳಿರಬೇಕು.

ಪಾಠಕ್ಕೆ ಕರೆದುಕೊಂಡು ಹೋದವರು ಯಾರು? ಮನೆಯೊಡತಿಯೇ ಹೋಗುತ್ತಿದ್ದರು, ಜೊತೆಗೆ ಇವರನ್ನೂ ಕರೆದರು ಅಂತ ಒಬ್ಬರ ನೆನಪು. ಬಟ್ಟೆ ಹೊಲಿಯುವ ಗೆಳತಿ ಕರೆದಳು ಅಂತ ಇನ್ನೊಬ್ಬರದು. ಎರಡೂ ಆಗಬಹುದಾದದ್ದೇ. ಆ ತರಗತಿಗಳಿಗೆ ಹಣವಂತರೂ ಹೋಗುತ್ತಿದ್ದರು, ದುಡಿದು ತಿನ್ನುವವರೂ ಹೋಗುತ್ತಿದ್ದರು.

1900ರಲ್ಲಿ ಖೈರುಲ್ಲಾ ಬೇರೆ ದಾರಿ ಹಿಡಿದರು. ಬಹಾವುಲ್ಲಾ ತೀರಿಕೊಂಡ ಮೇಲೆ ಸಮುದಾಯದ ಹೊಣೆ ಅವರ ಹಿರಿಯ ಮಗ ಅಬ್ದುಲ್-ಬಹಾ ಅವರದ್ದು. ಅವರ ಮಾತನ್ನು ಖೈರುಲ್ಲಾ ಒಪ್ಪಲಿಲ್ಲ. ಗುಂಪು ಒಡೆಯಿತು, ಅನೇಕರು ಬಿಟ್ಟೇ ಹೋದರು. ಅಬ್ದುಲ್-ಬಹಾ ಆಮೇಲೆ ಇರಾನಿನ ದೊಡ್ಡ ವಿದ್ವಾಂಸ ಮಿರ್ಜಾ ಅಬುಲ್-ಫಜ್ಲ್ ಮೊದಲಾದವರನ್ನು ಕಳಿಸಿ ಪಾಠವನ್ನು ಸರಿದಾರಿಗೆ ತಂದರು. 1906ರ ಅಮೆರಿಕದ ಧಾರ್ಮಿಕ ಗಣತಿಯಲ್ಲಿ ಇಡೀ ದೇಶಕ್ಕೆ 1,280 ಬಹಾಯಿಗಳು. ಮೊರ್ಮೊರ್ ಉಳಿದವರ ಪೈಕಿ.

ಚರ್ಚ್ ಬಿಟ್ಟರಾ, ಬಿಡಲಿಲ್ಲವಾ?

ಬೀಗರ ಮನೆಯಲ್ಲಿ ಇದಕ್ಕೇ ಹೆಚ್ಚು ಚರ್ಚೆ. ಮೊರ್ಮೊರ್ ಅವರ ಮಕ್ಕಳೆಲ್ಲರ ದೀಕ್ಷಾಸ್ನಾನ ಲೂಥರನ್ ಚರ್ಚಿನಲ್ಲಿ ಆಗಿದೆ, ಕಾಗದ ಇದೆ. ಹಾಗಾದರೆ ಅವರು 1890ರ ದಶಕದಲ್ಲೇ ಬಹಾಯಿ ಆಗಿದ್ದು ಸುಳ್ಳಾ?

ಸುಳ್ಳಾಗಬೇಕಿಲ್ಲ. ಆಗಿನ ಅಮೆರಿಕದಲ್ಲಿ ಬಹಾಯಿ ಆಗಲು ಹಳೆಯ ಚರ್ಚ್ ಬಿಡಬೇಕು ಅಂತ ಇರಲಿಲ್ಲ. ಸದಸ್ಯತ್ವದ ಕಟ್ಟುನಿಟ್ಟು ಇರಲಿಲ್ಲ. ಅಬ್ದುಲ್-ಬಹಾ ಅವರಿಗೆ ನಂಬಿಕೆ ತಿಳಿಸಿ ಒಂದು ಕಾಗದ ಬರೆದರೆ ಆಯಿತು, ಭಾನುವಾರ ಚರ್ಚಿಗೂ ಹೋಗಬಹುದಿತ್ತು. ಅವರ ನಂತರ ಮೊಮ್ಮಗ ಶೋಘಿ ಎಫೆಂದಿ 1921ರಿಂದ ಸಮುದಾಯವನ್ನು ನಡೆಸಿದರು. ಅವರ ಕಾಲದಲ್ಲಿ ವ್ಯವಸ್ಥೆ ಗಟ್ಟಿಯಾಯಿತು. ಬಹಾಯಿ ಧರ್ಮ ಸ್ವತಂತ್ರವಾದದ್ದು, ಆದ್ದರಿಂದ ಬಹಾಯಿಗಳು ಬೇರೆ ಚರ್ಚಿನ ಸದಸ್ಯರಾಗಿ ಇರುವಂತಿಲ್ಲ ಅನ್ನುವುದು ಸ್ಪಷ್ಟವಾಗಿದ್ದು 1930ರ ದಶಕದಲ್ಲಿ. ಮೊರ್ಮೊರ್ ಚರ್ಚಿನಿಂದ ಹೆಸರು ತೆಗೆಸಿದ್ದೂ ಆಗಲೇ ಅಂತ ಅಳಿಯನ ಅಜ್ಜಿ ಹೇಳುತ್ತಾರೆ. ಅಷ್ಟು ಹೊತ್ತಿಗೆ ಅವರಿಗೆ ಅರವತ್ತರ ಆಸುಪಾಸು. ಅಕ್ಕಪಕ್ಕದ ಸ್ವೀಡಿಷ್ ಹೆಂಗಸರು ಕೆಲವರು ಮಾತು ಬಿಟ್ಟರಂತೆ. ಅದನ್ನು ಹೇಳುವಾಗ ಈಗಲೂ ಅಜ್ಜಿಯ ದನಿಯಲ್ಲಿ ನೋವಿದೆ.

1912ರ ವಸಂತ

ಅಬ್ದುಲ್-ಬಹಾ ತಮ್ಮ ಅರುವತ್ತನಾಲ್ಕನೇ ವಯಸ್ಸಿನವರೆಗೂ ಕೈದಿಯಾಗಿಯೋ ಗಡಿಪಾರಾಗಿಯೋ ಇದ್ದವರು. 1908ರಲ್ಲಿ ತುರ್ಕಿಯ ಕ್ರಾಂತಿಯಾದಾಗ ಬಿಡುಗಡೆ ಆಯಿತು. 1912ರ ಏಪ್ರಿಲ್ 11ರಂದು ಸೆಡ್ರಿಕ್ ಎಂಬ ಹಡಗಿನಲ್ಲಿ ನ್ಯೂಯಾರ್ಕಿಗೆ ಬಂದರು. ಡಿಸೆಂಬರ್ 5ರವರೆಗೆ ಅಮೆರಿಕ ಸುತ್ತಿದರು. ಏಪ್ರಿಲ್ ಕೊನೆಗೆ ಶಿಕಾಗೋ. ಏಪ್ರಿಲ್ 30ರಂದು ಒಂದೇ ದಿನ, ಬಡ ವಲಸಿಗರಿಗಾಗಿ ನಡೆಯುತ್ತಿದ್ದ ಹಲ್ ಹೌಸಿನಲ್ಲೂ ಮಾತಾಡಿದರು, ಕಪ್ಪು ಜನರ ಹಕ್ಕುಗಳಿಗಾಗಿ ಹೋರಾಡುವ ಸಂಸ್ಥೆಯ ಸಮ್ಮೇಳನದಲ್ಲೂ ಮಾತಾಡಿದರು. ಆ ಕಾಲದ ಅಮೆರಿಕದಲ್ಲಿ ಬಿಳಿಯರು ಕರಿಯರು ಒಂದೇ ಸಭೆಯಲ್ಲಿ ಕೂರುವುದು ಸಣ್ಣ ಮಾತಲ್ಲ. ಆ ವರ್ಷದ ಸೆಪ್ಟೆಂಬರಿನಲ್ಲಿ, ಸ್ವೀಡಿಷ್ ಜನರೇ ತುಂಬಿದ್ದ ಮಿನಿಯಾಪೊಲಿಸ್‌ಗೂ ಹೋದರು.

ಹಲ್ ಹೌಸಿನಲ್ಲಿ ಮಾತಾಡಿದ ಮರುದಿನ ಮೇ 1. ಶಿಕಾಗೋದ ಉತ್ತರಕ್ಕಿರುವ ವಿಲ್ಮೆಟ್‌ನಲ್ಲಿ, ಸರೋವರದ ಪಕ್ಕದ ಖಾಲಿ ಜಾಗದಲ್ಲಿ ಪ್ರಾರ್ಥನಾ ಮಂದಿರಕ್ಕೆ ಅಡಿಗಲ್ಲು. ಬೇರೆ ಬೇರೆ ದೇಶಗಳ ಮೂಲದವರು ಒಬ್ಬೊಬ್ಬರಾಗಿ ಬಂದು ನೆಲ ಅಗೆದರು. ಗುಡಿ ಪೂರ್ತಿಯಾಗಿ ಜನರಿಗೆ ತೆರೆದಿದ್ದು 1953ರಲ್ಲಿ. ನಡುವೆ ಎರಡು ಮಹಾಯುದ್ಧಗಳು, ಒಂದು ದೊಡ್ಡ ಆರ್ಥಿಕ ಕುಸಿತ. ಬಹಾಯಿಗಳಲ್ಲದವರಿಂದ ಇದಕ್ಕೆ ಹಣ ತೆಗೆದುಕೊಳ್ಳುವುದಿಲ್ಲ, ಹಾಗಾಗಿ ಅಡುಗೆಯವರು, ಹೊಲಿಗೆಯವರು, ಗುಮಾಸ್ತರು ಕೊಟ್ಟ ಸಣ್ಣ ಸಣ್ಣ ಮೊತ್ತವೂ ಅದರಲ್ಲಿದೆ. ಒಂಬತ್ತು ಮುಖದ ಕಟ್ಟಡ, ಮೇಲೆ ಕಸೂತಿಯಂತೆ ಕೆತ್ತಿದ ಗುಮ್ಮಟ. ದೆಹಲಿಯ ಕಮಲ ಮಂದಿರ ಇದರ ತಂಗಿ. ಅದು 1986ರಲ್ಲಿ ತೆರೆಯಿತು, ವಿನ್ಯಾಸ ಮಾಡಿದ್ದು ಇರಾನಿನ ಫರೀಬೋರ್ಜ್ ಸಹ್ಬಾ. ಅದಕ್ಕೆ ಇಪ್ಪತ್ತೇಳು ದಳ, ಮುಖ ಮಾತ್ರ ಅಲ್ಲೂ ಒಂಬತ್ತೇ. ಎರಡರ ಒಳಗೂ ವಿಗ್ರಹ ಇಲ್ಲ, ಪ್ರವಚನ ಇಲ್ಲ. ಯಾರು ಬೇಕಾದರೂ ಬಂದು ಕೂತು ಪ್ರಾರ್ಥಿಸಬಹುದು.

ಮನೆಯವರ ನೆನಪನ್ನು ತೂಗುವುದು

ಬಾಯಿಂದ ಬಾಯಿಗೆ ಬಂದ ಕಥೆಗಳಲ್ಲಿ ಎರಡು ಮೂರು ಘಟನೆ ಸೇರಿ ಒಂದಾಗಿರುತ್ತವೆ. ಬೀಗರ ಮನೆಯಲ್ಲೂ ಹಾಗೆಯೇ ಆಗಿದೆ. ಮೊರ್ಮೊರ್ ಪ್ರವಾದಿಯ ಕೈ ಹಿಡಿದು ಮಾತಾಡಿದ್ದರು ಅನ್ನುತ್ತಾರೆ. ಬಹಾವುಲ್ಲಾ 1892ರಲ್ಲೇ ತೀರಿಕೊಂಡರು, ಅಮೆರಿಕಕ್ಕೆ ಬರಲೇ ಇಲ್ಲ. ಹಾಗಾಗಿ ಅವರು ಕಂಡಿದ್ದು 1912ರಲ್ಲಿ ಬಂದ ಅಬ್ದುಲ್-ಬಹಾ ಅವರನ್ನೇ ಇರಬೇಕು. ಅಬ್ದುಲ್-ಬಹಾ ತಮ್ಮನ್ನು ಪ್ರವಾದಿ ಅಂತ ಕರೆದುಕೊಂಡವರಲ್ಲ. ಆ ಹೆಸರಿನ ಅರ್ಥವೇ ಬಹಾ ಅವರ ಸೇವಕ. ಆ ಮೇ ತಿಂಗಳಲ್ಲಿ ಶಿಕಾಗೋದ ಲಿಂಕನ್ ಪಾರ್ಕಿನಲ್ಲಿ ಅವರ ಜೊತೆ ಬಹಾಯಿಗಳು ತೆಗೆಸಿಕೊಂಡ ಫೋಟೋಗಳಿವೆ. ಅಜ್ಜಿ ಭೂತಗನ್ನಡಿ ಹಿಡಿದು ಅವುಗಳಲ್ಲಿ ತಮ್ಮ ಅಜ್ಜಿಯನ್ನು ಹುಡುಕುತ್ತಲೇ ಇದ್ದಾರೆ. ಅಗಲ ಅಂಚಿನ ಟೋಪಿಗಳ ಕೆಳಗೆ ಎಲ್ಲ ಮುಖವೂ ಒಂದೇ ಥರ ಕಾಣುತ್ತದೆ.

ಇನ್ನೊಂದು, ಅಡಿಗಲ್ಲನ್ನು ಮೊರ್ಮೊರ್ ಹೊತ್ತು ತಂದರು ಅನ್ನುವ ಕಥೆ. ಆ ಕಲ್ಲಿನ ಕಥೆ ಚೆನ್ನಾಗಿ ದಾಖಲಾಗಿದೆ. ತಂದವರು ನೆಟ್ಟಿ ಟೋಬಿನ್ ಎಂಬ ಬಡ ಹೊಲಿಗೆಯಾಕೆ. ಕೊಡಲು ಹಣ ಇಲ್ಲದೆ, ಮನೆ ಹತ್ತಿರ ಕಟ್ಟಡ ಕಟ್ಟುತ್ತಿದ್ದ ಕಡೆ ಹೋಗಿ, ಕೆಲಸಕ್ಕೆ ಬಾರದೆ ಬಿಸಾಡಿದ್ದ ಒಂದು ಕಲ್ಲು ಕೇಳಿ ಪಡೆದರು. ಹಳೆಯ ಮಗುವಿನ ತಳ್ಳುಗಾಡಿಯಲ್ಲಿ ಇಟ್ಟು ತಳ್ಳಿದರು, ಟ್ರಾಮಿಗೆ ಹತ್ತಿಸಿದರು, ಇಳಿಸಿದರು, ಮತ್ತೆ ಎಳೆದರು. ಕೊನೆಗೆ ಅದನ್ನೇ ಅಬ್ದುಲ್-ಬಹಾ ಅಡಿಗಲ್ಲಾಗಿ ಇಟ್ಟರು. ಈಗಲೂ ಮಂದಿರದ ತಳಮನೆಯಲ್ಲಿ ಆ ಕಲ್ಲನ್ನು ನೋಡಬಹುದು. ಅಷ್ಟು ಒಳ್ಳೆಯ ಕಥೆ ಕೇಳಿ ಕೇಳಿ ಅದು ತಮ್ಮ ಮನೆಯದ್ದೇ ಆಗಿಹೋಗಿದೆ. ದಾರಿಯಲ್ಲಿ ನೆಟ್ಟಿಗೆ ಕೈಜೋಡಿಸಿದವರಿದ್ದರು. ಅವರಲ್ಲಿ ಮೊರ್ಮೊರ್ ಇದ್ದರು ಅನ್ನಲು ಮನೆಯವರ ಬಳಿ ಯಾವ ಆಧಾರವೂ ಇಲ್ಲ.

ಗಟ್ಟಿ ಸಾಕ್ಷಿ ಅಂದರೆ ಪೆಟ್ಟಿಗೆಯಲ್ಲಿರುವ ಎರಡು ವಸ್ತು. ಒಂದು ಉಂಗುರ. ಮೂರು ಅಡ್ಡಗೆರೆ, ನಡುವೆ ಒಂದು ಉದ್ದಗೆರೆ, ಎರಡು ಕಡೆ ಐದು ಮೂಲೆಯ ನಕ್ಷತ್ರ. ದೇವರು, ದೇವರ ಸಂದೇಶ ತರುವವರು, ಮನುಷ್ಯರು, ಈ ಮೂರು ಲೋಕಗಳು ಅಡ್ಡಗೆರೆಗಳು. ಅವನ್ನು ಜೋಡಿಸುವುದು ಉದ್ದಗೆರೆ. ಇದು ಬಹಾಯಿ ಉಂಗುರದ ಗುರುತು, ಬೇರೆ ಯಾವುದೂ ಅಲ್ಲ. ಇನ್ನೊಂದು, ಟೈಪ್ ಮಾಡಿದ ಒಂದು ಹಾಳೆ. ಅಬ್ದುಲ್-ಬಹಾ ಅಮೆರಿಕದ ಬಹಾಯಿಗಳಿಗೆ ನೂರಾರು ಕಾಗದ ಬರೆದರು, ಪರ್ಷಿಯನ್ ಇಲ್ಲವೇ ಅರೇಬಿಕ್‌ನಲ್ಲಿ. ಅದನ್ನು ಯಾರಾದರೂ ಇಂಗ್ಲಿಷಿಗೆ ತಿರುಗಿಸಿ ಟೈಪ್ ಮಾಡಿ ಕೊಡುತ್ತಿದ್ದರು. ಜನ ಅದರ ಪ್ರತಿಗಳನ್ನು ತಮ್ಮತಮ್ಮಲ್ಲಿ ಹಂಚಿಕೊಳ್ಳುತ್ತಿದ್ದರು. ಆದ್ದರಿಂದ ಮನೆಯಲ್ಲಿ ಹಾಳೆ ಇದ್ದ ಮಾತ್ರಕ್ಕೆ ಆ ಕಾಗದ ಅವರಿಗೇ ಬಂದಿದ್ದು ಅನ್ನಲಾಗದು. ಮೇಲೆ ಯಾರ ಹೆಸರಿದೆ ಅಂತ ನೋಡಬೇಕು. ಇಲ್ಲಿ ಆ ಜಾಗ ಮಡಿಕೆಯಲ್ಲಿ ಹರಿದುಹೋಗಿದೆ.

ಮದುವೆಗೆ ಬರುವ ನೆಂಟರಿಗೆ

ಬಹಾಯಿ ಮದುವೆಗೆ ಹುಡುಗ ಹುಡುಗಿ ಒಪ್ಪಿದರೆ ಸಾಲದು. ಇಬ್ಬರ ತಂದೆತಾಯಿಗಳೂ, ಬದುಕಿರುವವರೆಲ್ಲರೂ, ಒಪ್ಪಬೇಕು. ತಂದೆತಾಯಿ ಬೇರೆ ಧರ್ಮದವರಾದರೂ ಈ ನಿಯಮ ತಪ್ಪುವುದಿಲ್ಲ. ಹಾಗಾಗಿ ನಮ್ಮಿಂದಲೂ ಒಪ್ಪಿಗೆ ಬರೆಸಿಕೊಂಡರು. ಶಾಸ್ತ್ರ ಬಹಳ ಚಿಕ್ಕದು. ಇಬ್ಬರು ಸಾಕ್ಷಿಗಳ ಮುಂದೆ, ನಾವೆಲ್ಲರೂ ದೇವರ ಇಚ್ಛೆಯಂತೆ ನಡೆಯುತ್ತೇವೆ ಅನ್ನುವ ಒಂದು ವಾಕ್ಯವನ್ನು ಇಬ್ಬರೂ ಹೇಳುತ್ತಾರೆ. ಅಷ್ಟಾದರೆ ಮದುವೆ ಆಯಿತು. ಅ‍ದೇ ದಿನ ಇನ್ನೊಂದು ಧರ್ಮದ ಶಾಸ್ತ್ರವನ್ನೂ ಮಾಡಲು ಅವರಲ್ಲಿ ಅಡ್ಡಿಯಿಲ್ಲ, ಆದ್ದರಿಂದ ಧಾರೆ ನಮ್ಮ ಪದ್ಧತಿಯಂತೆಯೇ ನಡೆಯುತ್ತದೆ. ಔತಣದಲ್ಲಿ ಹೆಂಡ ಇರುವುದಿಲ್ಲ, ಮಾವಂದಿರು ಯಾರೂ ಹುಡುಕಬೇಡಿ. ನಮಗೆ ಮತಾಂತರ ಮಾಡಿಸುತ್ತಾರಾ ಅಂತ ಅತ್ತಿಗೆ ಕೇಳಿದ್ದರು. ಇಲ್ಲ. ಮಗಳು ಈಗ ಏನಾಗಿದ್ದಾಳೋ ಅದೇ ಆಗಿ ಇರಬಹುದು.

ನಿಮ್ಮ ಮನೆಯಲ್ಲೂ ಇಂಥ ಅಜ್ಜಿ ಇದ್ದರೆ

ಅಮೆರಿಕದಲ್ಲಿ, ಯುರೋಪಿನಲ್ಲಿ ನಮ್ಮವರ ಮಕ್ಕಳು ಮದುವೆಯಾಗುವುದು ಈಗ ಹೊಸದಲ್ಲ. ಸೊಸೆಯದೋ ಅಳಿಯನದೋ ಸ್ವೀಡಿಷ್ ಬೇರು ಹುಡುಕಬೇಕಾದರೆ ಎಲ್ಲಿಂದ ಶುರು ಮಾಡಬೇಕು ಅನ್ನುವುದು ಹೇಳಿಬಿಡುತ್ತೇನೆ. ಮೊದಲು ಅವರು ಹುಟ್ಟಿದ ಚರ್ಚ್ ಸೀಮೆಯ ಹೆಸರು ಬೇಕು, ಊರಿನ ಹೆಸರು ಸಾಲದು. ಅದು ಸಿಕ್ಕರೆ ಪಾದ್ರಿಗಳು ಬರೆದಿಟ್ಟ ಆ ದೊಡ್ಡ ಪರೀಕ್ಷೆ ಪುಸ್ತಕಗಳು ಸ್ವೀಡನ್ನಿನ ರಾಷ್ಟ್ರೀಯ ದಾಖಲೆ ಸಂಗ್ರಹಾಲಯದ ವೆಬ್‌ಸೈಟಿನಲ್ಲಿ ಪುಕ್ಕಟೆಯಾಗಿ ಸಿಗುತ್ತವೆ. ಯಾರು ಯಾವಾಗ ಅಮೆರಿಕಕ್ಕೆ ಹೊರಟರು ಅಂತಲೂ ಅದರಲ್ಲೇ ಬರೆದಿರುತ್ತಾರೆ. 1869ರಿಂದ ಗೋಥೆನ್‌ಬರ್ಗಿನ ಪೊಲೀಸರು ಇಟ್ಟ ಪ್ರಯಾಣಿಕರ ಪಟ್ಟಿಯೂ ಉಂಟು.

ಹೆಸರಿನ ವಿಷಯದಲ್ಲಿ ಹುಷಾರು. ಆಗ ಮನೆತನದ ಹೆಸರು ಎಲ್ಲರಿಗೂ ಇರಲಿಲ್ಲ. ತಂದೆ ಆಂಡೆರ್ಸ್ ಆದರೆ ಮಗ ಆಂಡೆರ್ಸನ್, ಮಗಳು ಆಂಡೆರ್ಸ್‌ಡೊಟ್ಟರ್. ಅಮೆರಿಕಕ್ಕೆ ಬಂದ ಮೇಲೆ ಮಗಳೂ ಆಂಡರ್ಸನ್ ಆಗುತ್ತಾಳೆ, ಮದುವೆಯಾದರೆ ಇನ್ನೊಂದು ಹೆಸರು.

ಬಹಾಯಿ ಕಡೆಯ ದಾಖಲೆಗೆ ಎರಡು ಜಾಗ. 1910ರಲ್ಲಿ ಶಿಕಾಗೋದಲ್ಲಿ ಶುರುವಾದ ಬಹಾಯಿ ಪತ್ರಿಕೆ ಮರುವರ್ಷ 'ಸ್ಟಾರ್ ಆಫ್ ದಿ ವೆಸ್ಟ್' ಅನ್ನುವ ಹೆಸರು ಪಡೆಯಿತು, ಅದರ ಹಳೆಯ ಸಂಚಿಕೆಗಳಲ್ಲಿ ಸಭೆಗಳ ವರದಿ, ಕಾಗದಗಳು ಇವೆ. ಎರಡನೆಯದು ಇನ್ನೂ ಉಪಯೋಗದ್ದು. 1930ರ ದಶಕದ ನಡುವೆ ಅಮೆರಿಕದ ಬಹಾಯಿಗಳು ಒಬ್ಬೊಬ್ಬರೂ ಒಂದು ಕಾರ್ಡ್ ತುಂಬಿ ಕಳಿಸಿದರು. ಹುಟ್ಟಿದ ದೇಶ, ಮೊದಲು ಇದ್ದ ಧರ್ಮ, ಬಹಾಯಿ ಆದ ವರ್ಷ, ಇಷ್ಟನ್ನೂ ಅವರವರೇ ಬರೆದಿದ್ದಾರೆ. ಅವು ಅಮೆರಿಕದ ಬಹಾಯಿಗಳ ರಾಷ್ಟ್ರೀಯ ದಾಖಲೆ ಸಂಗ್ರಹದಲ್ಲಿವೆ. ಮೊರ್ಮೊರ್ ಹೆಸರಿನ ಕಾರ್ಡ್ ಇದೆಯಾ ಅಂತ ಕೇಳಿ ಅಳಿಯನ ಅಜ್ಜಿ ಈ ತಿಂಗಳು ಕಾಗದ ಬರೆದಿದ್ದಾರೆ, ಮದುವೆಗೆ ಮುಂಚಿನ ಹೆಸರು, ಆಮೇಲಿನ ಹೆಸರು ಎರಡನ್ನೂ ಹಾಕಿ.